ಕೋಣಗಳು ಎಳೆದ ಕಲ್ಲು

ಎಂಟೂವರೆಗೇ ರಾಯಚೂರಿನ ಬಿಸಿಲು ಕತ್ತು ಚುರುಗುಟ್ಟಿಸುತ್ತಿದೆ. ಕೋಟೆಯ ಪಡುಗೋಡೆಯ ಮುಂದೆ ನಿಂತಿದ್ದೀರಿ. ಪಕ್ಕದಲ್ಲಿ ಗೆಳೆಯ, ಅವನ ಕೈಯಲ್ಲಿ ಒಂದು ಬಾಟಲಿ ನೀರು.

"ನೋಡ್, ಇದ ಆ ಕಲ್ಲು."

ಒಂದೇ ನೋಟಕ್ಕೆ ಸಿಗುವ ಕಲ್ಲಲ್ಲ, ಕತ್ತು ಹೊರಳಿಸಬೇಕು. 41 ಅಡಿ 8 ಅಂಗುಲ ಉದ್ದದ ಒಂದೇ ಬಂಡೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಎಂದು ಅದರ ಮೇಲೆ ಬರೆದಿದೆ, ಓರಂಗಲ್ಲಿನ ಕಾಕತೀಯರ ಕಾಲ. ಆದರೆ ಅಕ್ಷರ ಬಿಟ್ಟು ಪಕ್ಕದ ಗೀರುಚಿತ್ರಕ್ಕೆ ಬನ್ನಿ. ಇನ್ನೂ ಹತ್ತಿರ, ಕಾದ ಕಲ್ಲಿನ ವಾಸನೆ ಮೂಗಿಗೆ ಬಡಿಯುವಷ್ಟು. ಇದೇ ಬಂಡೆ ಬಂಡಿಯ ಮೇಲಿದೆ. ಮುಂದೆ ಕೋಣಗಳ ಸಾಲು, ಅವನ್ನು ಹುರಿದುಂಬಿಸುವ ಜನ, ಗಾಲಿಗೆ ಸನ್ನೆ ಕೊಡುವ ಜನ. ಬೆರಳು ಗೋಡೆಯ ತನಕ ಹೋಗಿ ಹಿಂದೆ ಸರಿಯುತ್ತದೆ. ಕಟ್ಟಿಸಿದವನ ಹೆಸರಿನ ಪಕ್ಕದಲ್ಲೇ ಎಳೆದವರ ಮೈಯನ್ನೂ ಕೊರೆದ ಆ ಶಿಲ್ಪಿಯ ಮೇಲೆ ನನಗೆ ತೀರದ ಪ್ರೀತಿ.

ಈಗ ಬೆಟ್ಟ. ಬಯಲಿನಿಂದ 290 ಅಡಿ. ನೀರು ಅರ್ಧವಾಗಿದೆ. ಹತ್ತುವುದೋ, ಬಿಡುವುದೋ? ಗೆಳೆಯ ನಿಮ್ಮ ಮುಖ ನೋಡುತ್ತಾನೆ, ನೀವು ಬಾಟಲಿ ನೋಡುತ್ತೀರಿ. "ನಡಿ" ಅಂದುಬಿಡುತ್ತೀರಿ.

ಮಂಡಿ ನಡುಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ನೆತ್ತಿಯ ಮೇಲೆ ಗಾಳಿ ಜೋರು. ಬಗ್ಗಿ ಕೆಳಗೆ ನೋಡಿದರೆ ಊರು, ಕೆರೆ, ಗೋಡೆಯೊಳಗೊಂದು ಗೋಡೆ. 1520ರ ಬೇಸಿಗೆ, ಇಂಥದೇ ಬಿಸಿಲು. ಕೋಟೆಗೆ ಮುತ್ತಿಗೆ ಹಾಕಿದ ಕೃಷ್ಣದೇವರಾಯನ ಜನ ಹಾರೆ ಹಿಡಿದು ಇದೇ ಗೋಡೆಗಳನ್ನು ಮೀಟುತ್ತಿದ್ದಾರೆ. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಹತ್ತರಿಂದ ಐವತ್ತು ಹಣದವರೆಗೆ ಕೊಡುತ್ತಿದ್ದರೆಂದು ಪೋರ್ಚುಗೀಸ ನೂನಿಜ್ ಬರೆದಿಟ್ಟಿದ್ದಾನೆ. ಕೋಣ ಎಳೆದು ತಂದದ್ದನ್ನು ಮನುಷ್ಯ ಕೂಲಿಗೆ ಕೀಳುತ್ತಿದ್ದಾನೆ. ಮೇಲಿನವರು ತಲೆ ಹೊರಗೆ ಹಾಕುವಂತಿಲ್ಲ, ರಾಯನ ಕಡೆಯ ಪೋರ್ಚುಗೀಸ ಫಿಗೆರೆದೊನ ಬಂದೂಕಿನವರು ಕಾದಿದ್ದಾರೆ. ಕೋಟೆಯ ಅಧಿಕಾರಿ ಒಮ್ಮೆ ಬಗ್ಗಿ ನೋಡುತ್ತಾನೆ. ಗುಂಡು ಹಣೆಗೇ. ನೀವೂ ಬಗ್ಗಿಯೇ ಇದ್ದೀರಿ. ಥಟ್ಟನೆ ತಲೆ ಹಿಂದೆಳೆದುಕೊಳ್ಳುತ್ತೀರಿ.

ಇಳಿಯುವಾಗಲೇ ಅದು ಆಗುವುದು. ಚೂರುಗಲ್ಲು ಉರುಳುತ್ತದೆ. ಕಾಲು ಜಾರುತ್ತದೆ. ಬಂಡೆ, ಆಕಾಶ, ಬಂಡೆ. ಬಲಗೈ ಏನನ್ನೋ ಹಿಡಿಯುತ್ತದೆ, ತರಚುತ್ತದೆ, ನಿಲ್ಲುತ್ತದೆ. ಗೆಳೆಯನ ಮುಷ್ಟಿಯಲ್ಲಿ ನಿಮ್ಮ ಅಂಗಿಯ ಕಾಲರು.

"ಏ, ಸಾವಕಾಶ ಮಾರಾಯ!" ಅವನ ದನಿ ನಡುಗುತ್ತಿದೆ. ಉಳಿದ ಎರಡು ಗುಟುಕು ನೀರನ್ನು ತಾನು ಕುಡಿಯದೆ ನಿಮ್ಮ ಅಂಗೈಗೆ ಸುರಿಯುತ್ತಾನೆ.

ಕೋಟೆ ಬಿಟ್ಟು ಮುಂದೆ ಹೊರಟರೆ ಗಬ್ಬೂರು. ಅಲ್ಲಿನ ಹಳೆಯ ಗುಡಿಗಳಲ್ಲಿ ನೆರಳಿಗಾಗಿಯೇ ಹೆಚ್ಚು ಹೊತ್ತು ಕೂತಿರಿ ಎನ್ನಬೇಕು. ದೇವದುರ್ಗದಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಎಡಗೈಯಲ್ಲಿ ತಿನ್ನಲಾಗದೆ ಒದ್ದಾಡುವ ನಿಮಗೆ ಗೆಳೆಯ ರೊಟ್ಟಿ ಮುರಿದು ಕೊಡುತ್ತಾ ಕಥೆ ತೆಗೆಯುತ್ತಾನೆ. ಇದೇ ತಾಲ್ಲೂಕಿನ ಮೊಸರಕಲ್ಲಿನವರು ಹರಿದಾಸ ಗೋಪಾಲದಾಸರು. ಅವರ ಗುರು ವಿಜಯದಾಸರ ಪಂಕ್ತಿಯ ಊಟ ತಪ್ಪಿಸಿಕೊಳ್ಳಲು ಹೊಟ್ಟೆನೋವೆಂದು ನೆಪ ಹೇಳಿದ ಪಂಡಿತನಿಗೆ ನಿಜವಾಗಿಯೇ ಹೊಟ್ಟೆನೋವು ಹತ್ತಿತಂತೆ. ಔಷಧಿಯಲ್ಲಿ ಹೋಗದ್ದು ಗೋಪಾಲದಾಸರು ಕೊಟ್ಟ ಜೋಳದ ರೊಟ್ಟಿಯಲ್ಲಿ ಹೋಯಿತಂತೆ. ಆ ಪಂಡಿತರೇ ಮುಂದೆ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು.

ಸಿರವಾರ ದಾಟಿದ ಮೇಲೆ ಕಾಲುವೆ, ಭತ್ತದ ಹಸಿರು. ಇಳಿಹೊತ್ತಿಗೆ ಮಾನ್ವಿ. ಜಗನ್ನಾಥದಾಸರು ನೆಲೆಸಿದ್ದಾರೆಂದು ಜನ ನಂಬುವ ಕಂಬದ ಮುಂದೆ ಎಣ್ಣೆದೀಪದ ಕಮಟು, ತುಳಸಿಯ ಘಮ, ಎಲ್ಲೋ ತಾಳದ ಸದ್ದು. ನೆಲದ ತಂಪಿಗೆ ಅಂಗಾಲು ಸುಮ್ಮನಾಗುತ್ತದೆ. ತೀರ್ಥಕ್ಕೆ ಬಲಗೈ ಚಾಚುತ್ತೀರಿ. ತರಚಿದ ಅಂಗೈಗೆ ಹನಿ ಬಿದ್ದದ್ದೇ ಚುರ್ರೆನ್ನುತ್ತದೆ. ಕೈ ನಡುಗುತ್ತದೆ. ನೀರು ಚೆಲ್ಲದಂತೆ ಗೆಳೆಯ ತನ್ನ ಕೈಯನ್ನು ಕೆಳಗೆ ಹಿಡಿಯುತ್ತಾನೆ.