ಆಯ್ಕೆಯಿಂದ ಹುಟ್ಟಿಗೆ: ‘ಅಲೀಜಿಯಂಟ್’ ಕಾದಂಬರಿಯ ನಿರ್ವಹಣೆ

ಹಲವು ಸಂಪುಟಗಳಲ್ಲಿ ಹರಿಯುವ ಕಥನಕ್ಕೆ ಕೊನೆಯ ಸಂಪುಟವೇ ಒರೆಗಲ್ಲು. ಮೊದಲ ಸಂಪುಟ ಒಂದು ಪ್ರಶ್ನೆಯನ್ನು ಎತ್ತಿದರೆ ಸಾಕು. ಕೊನೆಯದು ಆ ಪ್ರಶ್ನೆಯ ಘನತೆಯನ್ನು ಕುಗ್ಗಿಸದೆ ಉತ್ತರದ ಕಡೆಗೆ ಸಾಗಬೇಕು. ಅಮೆರಿಕದ ಲೇಖಕಿ ವೆರೋನಿಕಾ ರಾತ್ ಅವರು ಯುವ ಓದುಗರಿಗಾಗಿ ಬರೆದ ವೈಜ್ಞಾನಿಕ ಕಾದಂಬರಿ ತ್ರಿವಳಿಯಲ್ಲಿ ಈ ಕಷ್ಟ ಸ್ಪಷ್ಟವಾಗಿ ಕಾಣುತ್ತದೆ. 2011ರಲ್ಲಿ ‘ಡೈವರ್ಜೆಂಟ್’, 2012ರಲ್ಲಿ ‘ಇನ್ಸರ್ಜೆಂಟ್’ ಪ್ರಕಟವಾದಾಗ ಹದಿಹರೆಯದ ಓದುಗರು ಅವನ್ನು ಮುಗಿಬಿದ್ದು ಓದಿದರು. 2013ರ ಅಕ್ಟೋಬರಿನಲ್ಲಿ ಬಂದ ‘ಅಲೀಜಿಯಂಟ್’ ಅದೇ ಓದುಗರಲ್ಲಿ ಅನೇಕರನ್ನು ಕೆರಳಿಸಿತು. ಕಥಾನಾಯಕಿ ಟ್ರಿಸ್ ಕೊನೆಯಲ್ಲಿ ಸಾಯುತ್ತಾಳೆ ಎಂಬುದೇ ಅವರ ಮುಖ್ಯ ದೂರು. ಆದರೆ ಕೃತಿಯ ಸೋಲು ಆ ಸಾವಿಗೆ ಬಹಳ ಮೊದಲೇ, ಕಥಾಲೋಕದ ಗುಟ್ಟು ಬಯಲಾಗುವಲ್ಲಿ ಸಂಭವಿಸಿದೆ.

ಮೊದಲ ಸಂಪುಟದ ಕಲ್ಪನೆ ಸರಳ, ಅಷ್ಟೇ ಶಕ್ತವಾದುದು. ಭವಿಷ್ಯದ ಶಿಕಾಗೋ ನಗರ ಐದು ಪಂಗಡಗಳಾಗಿ ಒಡೆದಿದೆ. ಆಬ್ನಿಗೇಷನ್ ನಿಸ್ವಾರ್ಥವನ್ನೂ, ಅಮಿಟಿ ಸ್ನೇಹಶಾಂತಿಯನ್ನೂ, ಕ್ಯಾಂಡರ್ ಸತ್ಯವನ್ನೂ, ಡಾಂಟ್‌ಲೆಸ್ ಧೈರ್ಯವನ್ನೂ, ಎರುಡೈಟ್ ಜ್ಞಾನವನ್ನೂ ಆರಾಧಿಸುತ್ತವೆ. ಹದಿನಾರನೆಯ ವಯಸ್ಸಿನಲ್ಲಿ ಪ್ರತಿಯೊಬ್ಬರೂ ತಮ್ಮ ಪಂಗಡವನ್ನು ತಾವೇ ಆರಿಸಿಕೊಳ್ಳಬೇಕು. ನಿಸ್ವಾರ್ಥಿಗಳ ಮನೆಯಲ್ಲಿ ಹುಟ್ಟಿದ ಬಿಯಾಟ್ರಿಸ್ ಪ್ರಯರ್ ತನ್ನ ರಕ್ತದ ಹನಿಯನ್ನು ಧೈರ್ಯಶಾಲಿಗಳ ಕೆಂಡದ ಮೇಲೆ ಬೀಳಿಸಿ ಟ್ರಿಸ್ ಆಗುತ್ತಾಳೆ. ಅವಳ ಅಣ್ಣ ಕೇಲಬ್ ಜ್ಞಾನಿಗಳ ಕಡೆಗೆ ಹೋಗುತ್ತಾನೆ. ಹುಟ್ಟಿದ ಮನೆಗಿಂತ ಆರಿಸಿಕೊಂಡ ಬದುಕು ದೊಡ್ಡದು ಎಂಬುದು ಆ ನಗರದ ನಂಬಿಕೆ. ಒಂದೇ ಗುಣದ ಚೌಕಟ್ಟಿಗೆ ಒಗ್ಗದವರು ‘ಡೈವರ್ಜೆಂಟ್’ ಎನ್ನಿಸಿಕೊಳ್ಳುತ್ತಾರೆ. ಆಳುವವರ ಕಣ್ಣಿಗೆ ಅವರು ಅಪಾಯಕಾರಿಗಳು. ಮನುಷ್ಯನ ಮನಸ್ಸು ಒಂದು ಹೆಸರಿನಲ್ಲಿ ಅಡಗಲಾರದು ಎಂಬ ಅರಿವೇ ಇಲ್ಲಿ ಕಥೆಯ ಬೀಜ. ತಾನು ಯಾರೆಂದು ಇನ್ನೂ ಹುಡುಕುತ್ತಿರುವ ಹದಿನಾರರ ಓದುಗನಿಗೆ ಇದಕ್ಕಿಂತ ಹತ್ತಿರದ ರೂಪಕ ಬೇಕಿಲ್ಲ.

ಮೂರನೆಯ ಸಂಪುಟದಲ್ಲಿ ಟ್ರಿಸ್ ಮತ್ತು ಅವಳ ಪ್ರಿಯಕರ ಟೋಬಾಯಸ್ ನಗರದ ಬೇಲಿ ದಾಟುತ್ತಾರೆ. ಓಹೇರ್ ವಿಮಾನ ನಿಲ್ದಾಣದ ಆವರಣದಲ್ಲಿ ನೆಲೆಸಿರುವ ಸರ್ಕಾರಿ ಸಂಸ್ಥೆಯೊಂದು ಅವರಿಗೆ ನಿಜವನ್ನು ತಿಳಿಸುತ್ತದೆ. ಹಿಂದೊಮ್ಮೆ ಮನುಷ್ಯನ ವಂಶವಾಹಿಗಳನ್ನು ತಿದ್ದಲು ಹೋಗಿ ಕೆಡಿಸಲಾಗಿತ್ತು. ಅವು ತಲೆಮಾರುಗಳಲ್ಲಿ ತಾವಾಗಿ ಸರಿಹೋಗಲೆಂದು ಕಾಯುವ ಪ್ರಯೋಗಶಾಲೆಯೇ ಶಿಕಾಗೋ. ‘ಡೈವರ್ಜೆಂಟ್’ ಎಂದರೆ ವಂಶವಾಹಿ ಶುದ್ಧವಾದವರು. ಈ ಒಂದು ವಿವರಣೆಯಿಂದ ಹಿಂದಿನ ಎರಡು ಸಂಪುಟಗಳ ಅರ್ಥವೇ ಬದಲಾಗುತ್ತದೆ. ಸ್ವಭಾವದ ಮಾತಾಗಿದ್ದುದು ಹುಟ್ಟಿನ ಮಾತಾಗುತ್ತದೆ, ಆಯ್ಕೆಯ ಜಾಗಕ್ಕೆ ರಕ್ತಪರೀಕ್ಷೆ ಬಂದು ಕೂರುತ್ತದೆ.

ಭಾರತೀಯ ನಾಟ್ಯಮೀಮಾಂಸೆ ಮುಖಸಂಧಿಯಲ್ಲಿ ಬಿತ್ತಿದ ಬೀಜ ನಿರ್ವಹಣ ಸಂಧಿಯಲ್ಲಿ ಫಲಿಸಬೇಕೆಂದು ವಿಧಿಸುತ್ತದೆ. ನಡುವೆ ತಿರುವುಗಳು ಎಷ್ಟೇ ಬರಲಿ, ಬಿತ್ತಿದ ಬೀಜವೇ ಬೇರೆಯಾಗಬಾರದು. ‘ಅಲೀಜಿಯಂಟ್’ನಲ್ಲಿ ಆದದ್ದು ಇದೇ: ಬಿತ್ತಿದ್ದು ಒಂದು, ಕೊಯ್ದದ್ದು ಇನ್ನೊಂದು.

ಲೇಖಕಿಯ ಆಶಯವನ್ನು ಶಂಕಿಸಬೇಕಿಲ್ಲ. ಶುದ್ಧ, ದೂಷಿತ ಎಂಬ ವಿಭಜನೆಯನ್ನು ಟ್ರಿಸ್ ಒಪ್ಪುವುದಿಲ್ಲ. ಕೃತಿಯೂ ಅವಳ ಪರವಾಗಿಯೇ ನಿಲ್ಲುತ್ತದೆ. ವಿಷಯವೂ ಹಗುರವಾದುದಲ್ಲ. ‘ಉತ್ತಮ ಸಂತಾನ’ದ ಹೆಸರಿನಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಗೆ ಅವಕಾಶ ಕೊಡುವ ಕಾನೂನನ್ನು ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲೇ ತಂದಿತ್ತು. ಅಂಥದೇ ವರ್ಜೀನಿಯಾದ ಕಾನೂನನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಎತ್ತಿಹಿಡಿಯಿತು. ಇಂಥ ಚರಿತ್ರೆಯನ್ನು ಕೆಣಕುವ ಕಾದಂಬರಿಗೆ ಆಳವಾದ ತಳಹದಿ ಬೇಕು. ಇಲ್ಲಿ ಅದು ಬಹುಮಟ್ಟಿಗೆ ಸಂಭಾಷಣೆಯ ಉಪನ್ಯಾಸವಾಗಿ ಉಳಿಯುತ್ತದೆ. ಮೊದಲ ಸಂಪುಟದಲ್ಲಿ ಕೆಂಡದ ಮೇಲೆ ಸುಯ್ಯೆಂದ ರಕ್ತದ ಹನಿ ಹೇಳಿದಷ್ಟನ್ನು ಈ ಪುಟಗಟ್ಟಲೆ ವಿವರಣೆ ಹೇಳಲಾರದು.

ಕಥನದ ದನಿಯೂ ಇದೇ ದೌರ್ಬಲ್ಯಕ್ಕೆ ಒಳಗಾಗಿದೆ. ಮೊದಲೆರಡು ಸಂಪುಟಗಳನ್ನು ಟ್ರಿಸ್ ಒಬ್ಬಳೇ ನಿರೂಪಿಸಿದರೆ ಮೂರನೆಯದರಲ್ಲಿ ಟೋಬಾಯಸ್‌ನ ಅಧ್ಯಾಯಗಳು ಸೇರಿಕೊಳ್ಳುತ್ತವೆ. ಇಬ್ಬರ ಮಾತಿನ ಲಯ ಎಷ್ಟು ಒಂದೇ ಎಂದರೆ, ಅಧ್ಯಾಯದ ತಲೆಯಲ್ಲಿರುವ ಹೆಸರನ್ನು ಮತ್ತೆ ನೋಡದೆ ನಿರೂಪಕರನ್ನು ಗುರುತಿಸುವುದು ಕಷ್ಟ. ಬೇರೆ ಬೇರೆ ಮನಸ್ಸುಗಳನ್ನು ಒಂದೇ ಅಚ್ಚಿಗೆ ಒತ್ತಬಾರದು ಎಂದು ಸಾರುವ ಕೃತಿಗೆ ಇದು ಸಣ್ಣ ದೋಷವಲ್ಲ.

ಇನ್ನು ಟ್ರಿಸ್‌ಳ ಸಾವು. ಆ ಸಂಸ್ಥೆಯ ಒಳಗೆ ಹೋಗಿ ಮರೆವಿನ ಮದ್ದನ್ನು ಹರಡಬೇಕಾದವನು ಕೇಲಬ್. ಹೋದವನು ಬದುಕಿ ಬರಲಾರ. ತನಗೆ ದ್ರೋಹ ಬಗೆದಿದ್ದ ಆ ಅಣ್ಣನ ಬದಲಿಗೆ ಟ್ರಿಸ್ ಹೋಗುತ್ತಾಳೆ. ತೊರೆದುಬಂದ ಪಂಗಡದ ನಿಸ್ವಾರ್ಥವೂ ಆರಿಸಿಕೊಂಡ ಪಂಗಡದ ಧೈರ್ಯವೂ ಆ ಒಂದು ನಿರ್ಧಾರದಲ್ಲಿ ಕೂಡುತ್ತವೆ. ಓದುಗರು ಹೆಚ್ಚು ಹಳಿದ ಈ ಪ್ರಸಂಗವೇ ಮೂಲಬೀಜಕ್ಕೆ ಹೆಚ್ಚು ನಿಷ್ಠವಾಗಿದೆ. ಪ್ರಶ್ನಿಸಬೇಕಾದದ್ದು ಅವಳು ಸಾಧಿಸಿದ ಕಾರ್ಯವನ್ನು. ನಗರದವರ ನೆನಪನ್ನು ಅಳಿಸಹೊರಟವರನ್ನು ತಡೆಯಲು ಅವರ ನೆನಪನ್ನೇ ಅಳಿಸಲಾಗುತ್ತದೆ. ಈ ನೈತಿಕ ತೊಡಕಿನ ಎದುರು ಕಾದಂಬರಿ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ.

ಆ ತೊಡಕಿಗೆ ಒಳ್ಳೆಯ ಉತ್ತರ ಇದೇ ಕೃತಿಯ ಇನ್ನೊಂದು ಮೂಲೆಯಲ್ಲಿದೆ. ಟೋಬಾಯಸ್ ತನ್ನ ತಾಯಿ ಎವಲಿನ್‌ಳ ಮೇಲೆ ಅದೇ ಮದ್ದನ್ನು ಪ್ರಯೋಗಿಸಲು ಹೊರಡುತ್ತಾನೆ; ಎದುರಿಗೆ ನಿಂತಾಗ ಮನಸ್ಸು ಬದಲಾಗಿ, ಅಧಿಕಾರ ಬೇಕೋ ಮಗ ಬೇಕೋ ಎಂಬ ಆಯ್ಕೆಯನ್ನು ಅವಳ ಮುಂದಿಡುತ್ತಾನೆ. ಅವಳು ಮಗನನ್ನು ಆರಿಸಿಕೊಳ್ಳುತ್ತಾಳೆ. ವಂಶವಾಹಿಗಳ ವಿವರಣೆಗೆ ಇಲ್ಲಿ ಎಡೆಯೇ ಇಲ್ಲ.

2016ರಲ್ಲಿ ಬಂದ ಇದರ ಚಲನಚಿತ್ರ ಸೋತಿತು. ಸರಣಿಯ ನಾಲ್ಕನೆಯ ಚಿತ್ರ ತಯಾರಾಗಲೇ ಇಲ್ಲ. ಪುಸ್ತಕ ಮಾತ್ರ ಓದಿಗೆ ಉಳಿದಿದೆ. ಸಾಹಿತ್ಯದ ವಿದ್ಯಾರ್ಥಿಗೆ ಅದರಿಂದ ಸಿಗುವ ಪಾಠ ಬೆಲೆಯುಳ್ಳದ್ದು: ರೂಪಕವೊಂದು ತನ್ನ ಕೆಲಸ ಮಾಡುತ್ತಿರುವಾಗ ಅದಕ್ಕೆ ಕಾರಣ ಹುಡುಕಿ ಕೊಡಬಾರದು. ಐದು ಪಂಗಡಗಳು ಎಲ್ಲಿಂದ ಬಂದವೆಂದು ಮೊದಲ ಸಂಪುಟದ ಓದುಗ ಕೇಳಿರಲಿಲ್ಲ. ತಾನು ಯಾವ ಪಾತ್ರೆಯ ಮೇಲೆ ಕೈ ಚಾಚುತ್ತಿದ್ದೆ ಎಂದು ಮಾತ್ರ ಯೋಚಿಸುತ್ತಿದ್ದ.