ತಮ್ಮನ ಡೈ (ಭಾಗ 4)

ಹೋದ ವಾರ ರಾತ್ರಿ ತಮ್ಮ ಫೋನ್ ಮಾಡಿ, "ಅಕ್ಕಾ, ಊರಿಗಿ ಬಂದುಬಿಡ್ತೀನಿ, ಇದು ನನ್ನ ಕೈಲೆ ಆಗಂಗಿಲ್ಲ" ಅಂದ. ಟೂಲ್ ಅಂಡ್ ಡೈ ಡಿಪ್ಲೊಮಾ ಓದ್ತಾನ ಅವ. 1972ರಾಗ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಾಗ ಜಿಟಿಟಿಸಿ ಶುರುವಾತಲ್ಲ, ಅವರು ಕಲಿಸೋ ಕೋರ್ಸ್. ಈಗ ಅದರ ಸೆಂಟರ್ ಕೂಡಲಸಂಗಮದಾಗೂ ಐತಿ.

ಆಗಿದ್ದಿಷ್ಟು. ಟ್ರೇನಿಂಗಿಗೆ ಹೋದ ಒಂದು ವರ್ಕ್‌ಶಾಪಿನಾಗ, 1 ಮಿ.ಮೀ. ಶೀಟಿನಿಂದ 20 ಮಿ.ಮೀ. ಅಗಲದ ದುಂಡನ ಬಿಲ್ಲೆ ಕತ್ತರಿಸೋ ಡೈ ಮಾಡಬೇಕಿತ್ತು. ಮೇಲಿನ ಪಂಚಿಗೂ ಕೆಳಗಿನ ಡೈಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಹೆಚ್ಚಾದ್ರ ಬಿಲ್ಲೆ ಅಂಚಿಗೆ ಬರ್ ಏಳ್ತದ, ಕೈ ಕೊಯ್ಯೋವಂಥದ್ದು. ಬಿಲ್ಲೆ ಬೇಕಂದ್ರ ಡೈ ತೂತು ಸರಿಯಾಗಿ 20, ಪಂಚ್ 19.9. ಶೀಟಿಗೆ ತೂತು ಬೇಕಂದ್ರ ಉಲ್ಟಾ, ಪಂಚ್ ಸರಿಯಳತೆ, ಡೈ ದೊಡ್ಡದು. ಇವ ಬಿಲ್ಲೆಗೆ ತೂತಿನ ಲೆಕ್ಕ ಹಾಕಿದ್ದ: ಪಂಚ್ 20, ಡೈ 20.1. ಪಂಚ್ ಗ್ರೈಂಡ್ ಮಾಡಿ ಉಳಿಸಬಹುದು. ದೊಡ್ಡದಾದ ತೂತು ಸಣ್ಣದಾಗಂಗಿಲ್ಲ. ಡೈ ಪ್ಲೇಟ್ ಗುಜರಿಗೆ ಹೋತು.

"ತಗಡು ಒತ್ತಾಕ ಇಷ್ಟು ವರ್ಷ ಓದಬೇಕೇನೋ?" ಅಂತ ಒಮ್ಮೆ ನಕ್ಕಾಕಿ ನಾನು. ಮುಂದೆ ಕಾಸ್ಟಿಂಗ್ ಬುಕ್ ಇತ್ತು. ಡೈಗೆ 20,000 ರೂಪಾಯಿ ಅಂತ ಹಿಡೀರಿ. ಸಾವಿರ ಬಿಲ್ಲೆಗೆ ಹಂಚಿದ್ರ ಒಂದಕ್ಕ 20 ರೂಪಾಯಿ, ಲಕ್ಷಕ್ಕ ಹಂಚಿದ್ರ 20 ಪೈಸೆ. ಅವನ ತಪ್ಪೂ ಹಂಗೇ ಲಕ್ಷ ಬಿಲ್ಲೆ ಮ್ಯಾಲೆ ಕೂಡ್ತಿತ್ತು.

ಫೋನ್ ಸ್ಪೀಕರಿನಾಗಿತ್ತು. ಅವ್ವ ವಾಟಿಯಿಂದ ಪೂರಿ ಒತ್ತಾಕತ್ತಿದ್ಲು. "ನಾ ಉಳಿದ ಹಿಟ್ಟು ತಿರುಗಿ ನಾದ್ತೀನಿ. ನಿನ್ನ ಪ್ಲೇಟ್ ನಾದಾಕ ಬರಂಗಿಲ್ಲೇನೋ?"

ನಕ್ಕ. ಊರಿಗಿ ಬರಲಿಲ್ಲ. ಹೊಸ ಪ್ಲೇಟಿಗೆ ಗುರುತು ಹಾಕಿ ಫೋಟೊ ಕಳಿಸ್ಯಾನ, ಸ್ವೈಪ್ ಮಾಡಿ ನೋಡ್ರಿ.