ಅಗ್ಗದ ಆಟಗಳ ಲೆಕ್ಕ

ಅಗ್ಗವೆಂಬ ಮಾತಿಗೆ ಕಿವಿಗೊಡದ ಸಂಸಾರಸ್ಥರು ವಿರಳ. ಆಷಾಢ ಬಂದಿತೆಂದರೆ ಮಂಗಳೂರಿನ ಬಟ್ಟೆಯಂಗಡಿಗಳ ಮುಂದೆ ರಿಯಾಯಿತಿಯ ಫಲಕಗಳು ತೂಗಾಡತೊಡಗುತ್ತವೆ. ಮದುವೆ ಮೊದಲಾದ ಶುಭಕಾರ್ಯಗಳಿಲ್ಲದೆ ವ್ಯಾಪಾರ ಕುಂಠಿತವಾದ ಆ ದಿನಗಳಲ್ಲಿ, ಕೂಡಿಬಿದ್ದ ಸರಕನ್ನು ಕಳೆಯಲು ವರ್ತಕರು ಬೆಲೆ ಇಳಿಸುವುದು ನಮಗೆಲ್ಲ ತಿಳಿದ ಸಂಗತಿ. ಆದರೆ ಹೆಚ್ಚುಕಡಿಮೆ ಅದೇ ಮಳೆಗಾಲದ ದಿನಗಳಲ್ಲಿ ಇನ್ನೊಂದು ರಿಯಾಯಿತಿ ಮಾರಾಟವೂ ನಡೆಯುತ್ತದೆ. ಅದಕ್ಕೆ ಫಲಕವಿಲ್ಲ, ನೂಕುನುಗ್ಗಲಿಲ್ಲ, ಕೈಯಲ್ಲಿ ಚೀಲ ಹಿಡಿದು ಬರುವ ಪ್ರಮೇಯವೂ ಇಲ್ಲ. ಅದು ನಡೆಯುವುದು ನಮ್ಮ ಮನೆಯ ಮಕ್ಕಳ ಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ವಿಡಿಯೋ ಗೇಮುಗಳ ಮಾರಾಟವದು.

ಈ ವ್ಯಾಪಾರದ ಸ್ವರೂಪವನ್ನು ಹಿರಿಯರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಅಮೆರಿಕದ ವಾಲ್ವ್ ಎಂಬ ಸಂಸ್ಥೆ 2003ರಲ್ಲಿ ಸ್ಟೀಮ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಇಂದು ಕಂಪ್ಯೂಟರ್ ಆಟಗಳನ್ನು ಕೊಳ್ಳುವವರಿಗೆ ಅದೇ ದೊಡ್ಡ ಅಂಗಡಿ. 2015ರ ನವೆಂಬರಿನಿಂದ ಅಲ್ಲಿ ನಮ್ಮ ರೂಪಾಯಿಯಲ್ಲಿಯೇ ಬೆಲೆ ಕಾಣಿಸತೊಡಗಿತು. ವರ್ಷಕ್ಕೆ ನಾಲ್ಕು ಸಲ, ಋತುವಿಗೊಂದರಂತೆ, ದೊಡ್ಡ ರಿಯಾಯಿತಿ ಮಾರಾಟಗಳು ನಡೆಯುತ್ತವೆ. ಬೇಸಗೆಯ ಮಾರಾಟವೆಂದು ಅವರು ಕರೆಯುವುದು ಜೂನ್ ಕೊನೆಗೆ ಬರುತ್ತದೆ. ಅವರಿಗೆ ಬೇಸಗೆ, ನಮಗೆ ಜಡಿಮಳೆ. ಮಳೆ ವಿಪರೀತವಾಯಿತೆಂದು ಜಿಲ್ಲಾಡಳಿತ ಶಾಲೆ ಕಾಲೇಜುಗಳಿಗೆ ರಜೆ ಸಾರುವ ದಿನಗಳೂ ಅವೇ. ಹೊರಗೆ ಹೋಗುವಂತಿಲ್ಲ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯು.ಪಿ.ಐ. ಪಾವತಿ. ಇನ್ನು ಕೊಳ್ಳುವುದಕ್ಕೆ ತಡವೇನು?

ನಮ್ಮ ಮನೆಯಲ್ಲಿ ಈ ವಿಷಯ ಚರ್ಚೆಗೆ ಬಂದುದು ಭಯದ ರೂಪದಲ್ಲಿ. ನಾವು ಧಾರವಾಡದ ಕಡೆಯವರು. ಬ್ಯಾಂಕಿನ ಉದ್ಯೋಗ ನಮ್ಮನ್ನು ಮಂಗಳೂರಿಗೆ ತಂದಿತು, ನಿವೃತ್ತಿಯ ನಂತರವೂ ಕದ್ರಿಯ ಈ ಮನೆ ನಮ್ಮನ್ನು ಬಿಡಲಿಲ್ಲ. ಮಗ, ಸೊಸೆ, ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ನಮ್ಮೊಡನೆ ಇದ್ದಾರೆ. ಒಂದು ದಿನ ಸೊಸೆ ಹುಡುಗನ ಖಾತೆಯ ವಿವರಪಟ್ಟಿಯನ್ನು ನೋಡಿ ಗಾಬರಿಯಾದಳು. 49 ರೂಪಾಯಿ, 79 ರೂಪಾಯಿ, 120 ರೂಪಾಯಿ, ಹೀಗೆ ಸಾಲುಸಾಲು ಪಾವತಿಗಳು. ಹುಡುಗ ರಮ್ಮಿಯಂಥ ಜೂಜಿಗೆ ಬಿದ್ದನೆಂದೇ ಅವಳು ತಿಳಿದಳು. ಎರಡು ದಿನ ಯಾರಿಗೂ ಹೇಳದೆ ಒಳಗೊಳಗೇ ಬೆಂದು, ಮೂರನೆಯ ದಿನ ಸಂಜೆಯ ಪೂಜೆಯಾದ ಮೇಲೆ ನಮ್ಮೆದುರು ಕಾಗದವಿಟ್ಟು ಕಣ್ಣೀರು ತಂದಳು. ಮಗ ಕಂಪ್ಯೂಟರನ್ನೇ ಮಾರಿಬಿಡುವ ಮಾತಾಡಿದ. ಮೊಮ್ಮಗ ಬಾಯಿ ಬಿಡಲಿಲ್ಲ. ಮನೆಯಲ್ಲಿ ಊಟದ ಹೊತ್ತಿಗೂ ಮಾತಿಲ್ಲದಂತಾಯಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಹಣವಿಟ್ಟು ಹಣ ಗೆಲ್ಲುವ ಆಸೆಯಿಂದ ಆಡುವುದು ಬೇರೆ. ಪುಸ್ತಕ ಕೊಂಡಂತೆ ಒಮ್ಮೆ ಬೆಲೆ ಕೊಟ್ಟು ಆಟವನ್ನು ಕೊಳ್ಳುವುದು ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯೂ ಈ ಭೇದವನ್ನು ಮಾಡುತ್ತದೆ. ಹಣ ಪಣಕ್ಕಿಡುವ ಆಟಗಳನ್ನು ಅದು ನಿಷೇಧಿಸುತ್ತದೆ. ಸ್ಪರ್ಧೆಯ ಹಾಗೂ ಮನರಂಜನೆಯ ಆಟಗಳಿಗೆ ಉತ್ತೇಜನ ನೀಡಬೇಕೆನ್ನುತ್ತದೆ. ಈ ಮಾತನ್ನು ಸೊಸೆಗೆ ವಿವರಿಸಿದಾಗ ಅವಳ ಅರ್ಧ ಭಾರ ಇಳಿಯಿತು. ಉಳಿದರ್ಧ ಉಳಿದೇ ಇತ್ತು: ಜೂಜಲ್ಲದಿದ್ದರೆ ದುಂದುವೆಚ್ಚವಾದರೂ ಹೌದಲ್ಲವೆ?

ಇದಕ್ಕೆ ಕೋಪ ಉತ್ತರವಲ್ಲ, ಲೆಕ್ಕ ಉತ್ತರ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಕೈ ನಮ್ಮದು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬಾ ತಮ್ಮಾ, ಬೈಯುವುದಿಲ್ಲ, ಬರೆಯೋಣ" ಎಂದೆವು. ಆ ಅಂಗಡಿಯ ವ್ಯವಸ್ಥೆ ಒಂದೊಂದು ಆಟವನ್ನು ಎಷ್ಟು ತಾಸು ಆಡಲಾಗಿದೆಯೆಂಬುದನ್ನು ತಾನೇ ದಾಖಲಿಸಿಡುತ್ತದೆ. ಆದುದರಿಂದ ಲೆಕ್ಕ ಸುಲಭವಾಯಿತು. ಮೂರು ವರ್ಷಗಳಲ್ಲಿ ಕೊಂಡ ಆಟಗಳು 74. ಕೊಟ್ಟ ಹಣ 13,860 ರೂಪಾಯಿ. ತಿಂಗಳಿಗೆ ಸರಾಸರಿ 385. ಹನಿಗೂಡಿ ಹಳ್ಳವಾದುದನ್ನು ಕಂಡು ಹುಡುಗನೇ ಬೆರಗಾದ.

ಆ 74ರಲ್ಲಿ 38 ಆಟಗಳನ್ನು ಅವನು ತೆರೆದೇ ಇರಲಿಲ್ಲ. ಅವಕ್ಕೆ ಹೋದ ಹಣ 3,990 ರೂಪಾಯಿ. ಇನ್ನು 19 ಆಟಗಳನ್ನು ತೆರೆದು, ಎರಡು ತಾಸಿಗೂ ಮುನ್ನ ಬಿಟ್ಟಿದ್ದ. ಅವಕ್ಕೆ 2,660. ಮನಸ್ಸಿಟ್ಟು ಆಡಿದವು 17 ಮಾತ್ರ. ಅವಕ್ಕೆ 7,210 ರೂಪಾಯಿ, ಆಡಿದ ಹೊತ್ತು 1,030 ತಾಸು. ಎಂದರೆ ತಾಸಿಗೆ ಏಳು ರೂಪಾಯಿ. ಚಿತ್ರಮಂದಿರದಲ್ಲಿ 200 ರೂಪಾಯಿ ಕೊಟ್ಟು ಎರಡೂವರೆ ತಾಸು ಕುಳಿತರೆ ತಾಸಿಗೆ 80 ಬೀಳುತ್ತದೆ. ಮೂರು ವರ್ಷಕ್ಕೆ 1,030 ತಾಸೆಂದರೆ ದಿನಕ್ಕೆ ಒಂದು ತಾಸಿಗೂ ತುಸು ಕಡಿಮೆ. ಹಗಲಿರುಳೂ ಆಡುತ್ತಾನೆಂಬ ಮಗನ ಆರೋಪವೂ ಇದರಿಂದ ಬಿದ್ದುಹೋಯಿತು.

ಈ ಪಟ್ಟಿ ಕಲಿಸಿದ ಪಾಠ ವಿಚಿತ್ರವಾದುದು. ತೆರೆಯದೆ ಬಿದ್ದ ಆಟಗಳ ಸರಾಸರಿ ಬೆಲೆ 105 ರೂಪಾಯಿ. ಪೂರ್ತಿ ಸಂತೋಷ ಕೊಟ್ಟ ಆಟಗಳ ಸರಾಸರಿ ಬೆಲೆ 424 ರೂಪಾಯಿ. ನಷ್ಟವಾದುದು ದುಬಾರಿಯವುಗಳಿಂದಲ್ಲ, ಅಗ್ಗದವುಗಳಿಂದ. 400 ರೂಪಾಯಿ ಕೊಡುವಾಗ ಹುಡುಗ ಹತ್ತು ಸಲ ಯೋಚಿಸಿದ್ದ, ಗೆಳೆಯರನ್ನು ವಿಚಾರಿಸಿದ್ದ. 79 ರೂಪಾಯಿಗೆ ಯಾರು ಯೋಚಿಸುತ್ತಾರೆ? ಬೆಲೆ ಸಣ್ಣದಾದಷ್ಟೂ ವಿವೇಕ ನಿದ್ದೆಹೋಗುತ್ತದೆ.

ಹಾಗಾದರೆ ಇಷ್ಟು ಅಗ್ಗವಾಗಿ ಮಾರುವುದಾದರೂ ಏಕೆ? ಬಟ್ಟೆಯಂಗಡಿಯವನಿಗೆ ಉಳಿದ ಸರಕು ಹೊರೆ. ಕಂಪ್ಯೂಟರ್ ಆಟಕ್ಕೆ ಉಗ್ರಾಣವಿಲ್ಲ. ಒಮ್ಮೆ ಸಿದ್ಧವಾದ ಮೇಲೆ ಇನ್ನೊಂದು ಪ್ರತಿ ಮಾಡಲು ತಗಲುವ ವೆಚ್ಚ ಅತ್ಯಲ್ಪ. ಬಿಡುಗಡೆಯ ದಿನವೇ ಬೇಕೆನ್ನುವವರು ಪೂರ್ಣ ಬೆಲೆ ತೆರುತ್ತಾರೆ. ಕಾಯಬಲ್ಲವರಿಗೆ ವರ್ಷದ ಮೇಲೆ ಅರ್ಧ ಬೆಲೆ, ಎರಡು ಮೂರು ವರ್ಷದ ಮೇಲೆ ಕಾಲು ಬೆಲೆ. ಒಂದೇ ವಸ್ತುವನ್ನು ಅವರವರ ಕೊಡುವ ಶಕ್ತಿಗೆ ತಕ್ಕಂತೆ ಹಲವು ಬೆಲೆಗಳಲ್ಲಿ ಮಾರುವ ಉಪಾಯವಿದು. ಇದರಲ್ಲಿ ಮೋಸವೇನೂ ಇಲ್ಲ. ಕಾಯಬಲ್ಲ ಬಡವನಿಗೆ ಇದು ಅನುಕೂಲವೇ. "ಇಂದೇ ಕೊನೆಯ ದಿನ" ಎಂದು ಮಿನುಗುವ ಗಡಿಯಾರದ ಬಗೆಗೆ ಮಾತ್ರ ಎಚ್ಚರ ಬೇಕು. ಇಂದು ತಪ್ಪಿದ ರಿಯಾಯಿತಿ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮರಳಿ ಬರುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಹುಡುಗನೇ ಹೇಳಿದ. 2015ರ ಜೂನಿನಿಂದ ಸ್ಟೀಮ್‌ನಲ್ಲಿ ಹಣ ಹಿಂದಿರುಗಿಸುವ ನಿಯಮವಿದೆ. ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಬೇಡವೆಂದು ಮರಳಿಸಬಹುದು. ಕೊಳ್ಳುವವನಿಗೆ ಇದೊಂದು ದೊಡ್ಡ ರಕ್ಷಣೆ. ಆದರೆ ಕೊಂಡು ಕೂಡಿಟ್ಟವನಿಗೆ ಈ ರಕ್ಷಣೆ ಎಲ್ಲಿಯದು? ಆಟವನ್ನು ತೆರೆಯುವ ಹೊತ್ತಿಗೆ ಹದಿನಾಲ್ಕು ದಿನಗಳು ಎಂದೋ ಕಳೆದಿರುತ್ತವೆ. ಬಿಟ್ಟುಬಿಟ್ಟ ಆ 19 ಆಟಗಳನ್ನು ಕೊಂಡ ವಾರದಲ್ಲಿಯೇ ತೆರೆದಿದ್ದರೆ 2,660 ರೂಪಾಯಿಯೂ ಹಿಂದಿರುಗುತ್ತಿತ್ತು.

ಕೊಂಡದ್ದು ನಿಜಕ್ಕೂ ನಮ್ಮದೇ ಎಂಬ ಪ್ರಶ್ನೆಯೂ ಉಂಟು. 1990ರ ದಶಕದಲ್ಲಿ ನಮ್ಮ ಮಗ ಚಿಕ್ಕವನಿದ್ದಾಗ ಹಂಪನಕಟ್ಟೆಯ ಅಂಗಡಿಯೊಂದರಿಂದ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯನ್ನು ತಂದಿದ್ದೆವು. ಅದರ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಅಚ್ಚಾಗಿತ್ತು. ಒಳಗೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿ ಮರಳಿ ಮರಳಿ ಬರುತ್ತಿದ್ದವು. ಅದೂ ಅಗ್ಗದ ಮಾಯೆಯೇ. ಆದರೂ ಆ ಕ್ಯಾಸೆಟ್ಟು ನಮ್ಮದಾಗಿತ್ತು; ಅಟ್ಟದ ಮೇಲೆ ಇಂದಿಗೂ ಇದೆ. ಇಂದಿನ ಆಟಗಳಲ್ಲಿ ನಾವು ಕೊಳ್ಳುವುದು ಬಹುಮಟ್ಟಿಗೆ ಬಳಸುವ ಅನುಮತಿಯನ್ನು ಮಾತ್ರ. 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರು ಓಡಿಸುವ ಆಟವನ್ನು ಅದರ ಪ್ರಕಾಶಕರಾದ ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ನಿಲ್ಲಿಸಿಬಿಟ್ಟಿತು. ಹಣ ಕೊಟ್ಟು ಕೊಂಡಿದ್ದವರೂ ಮತ್ತೆ ಅದನ್ನು ಆಡದಂತಾಯಿತು. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾಯ್ದೆ ಮಾಡಿತು. ಮಾರುವುದು ಅನುಮತಿ ಮಾತ್ರವಾಗಿದ್ದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬುದು ಅದರ ಸಾರ. 2008ರಲ್ಲಿ ಆರಂಭವಾದ ಜಿ.ಓ.ಜಿ. ಎಂಬ ಅಂಗಡಿಯಾದರೋ ಬೀಗವಿಲ್ಲದ ಪ್ರತಿಯನ್ನು ಕೊಡುತ್ತದೆ. ಅದನ್ನು ನಮ್ಮ ಬಳಿಯೇ ಇಟ್ಟುಕೊಳ್ಳಬಹುದು. ಮುಂದೆಂದಾದರೂ ಆಡೋಣವೆಂದು ಕೂಡಿಡುವವರು ಇದನ್ನು ನೆನಪಿಡಬೇಕು. ಪೆಟ್ಟಿಗೆಯಲ್ಲಿಟ್ಟ ಸೀರೆ ಹತ್ತು ವರ್ಷದ ಮೇಲೂ ಸೀರೆಯೇ. ಆಟದ ಮಾತು ಹಾಗಲ್ಲ.

ಇಷ್ಟೆಲ್ಲ ಹೇಳಿದರೂ ಅಗ್ಗದ ಆಟವೆಲ್ಲ ಕಸವೆನ್ನಲು ನಮ್ಮ ಲೆಕ್ಕ ಒಪ್ಪುವುದಿಲ್ಲ. ಹುಡುಗ ಎಲ್ಲಕ್ಕಿಂತ ಹೆಚ್ಚು ಹೊತ್ತು, 210 ತಾಸು, ಆಡಿದ್ದು 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟವನ್ನು. ಅದಕ್ಕೆ ಕೊಟ್ಟುದು 400 ರೂಪಾಯಿಯೊಳಗೆ. ತಾಸಿಗೆ ಎರಡು ರೂಪಾಯಿಯೂ ಬೀಳಲಿಲ್ಲ. ನಾವೂ ಒಂದು ಸಂಜೆ ಕುಳಿತು ನೋಡಿದೆವು. ಅಜ್ಜನೊಬ್ಬ ತನ್ನ ಹೊಲವನ್ನು ಮೊಮ್ಮಗನಿಗೆ ಬಿಟ್ಟುಹೋಗುತ್ತಾನೆ. ಪಟ್ಟಣದ ನೌಕರಿಗೆ ಬೇಸತ್ತ ಮೊಮ್ಮಗ ಹಳ್ಳಿಗೆ ಬಂದು, ಕಲ್ಲು ಕಳೆ ತೆಗೆದು, ಬಿತ್ತಿ, ನೀರುಣಿಸಿ, ಊರವರೊಡನೆ ಬಾಳತೊಡಗುತ್ತಾನೆ. "ಅಜ್ಜಾ, ನಮ್ಮ ಊರಲ್ಲಿ ಜೋಳ ಯಾವಾಗ ಬಿತ್ತುತ್ತಿದ್ದರು?" ಎಂದು ಹುಡುಗ ಕೇಳಿದ. ಧಾರವಾಡದ ಹೊಲವನ್ನು ಕುರಿತು ಅವನು ನಮ್ಮನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು. ಹಿಂಗಾರಿ ಜೋಳದ ಮಾತು ಆ ರಾತ್ರಿ ಊಟದವರೆಗೂ ನಡೆಯಿತು. ಸೊಸೆಯೂ ನಡುನಡುವೆ ಬಾಯಿ ಹಾಕಿದಳು.

ಈ ಆಟವನ್ನು ಎರಿಕ್ ಬರೋನ್ ಎಂಬ ಒಬ್ಬನೇ ತರುಣ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಚಿತ್ರ, ಸಂಗೀತ, ಕತೆ ಎಲ್ಲವನ್ನೂ ತಾನೇ ಮಾಡಿ 2016ರ ಫೆಬ್ರುವರಿಯಲ್ಲಿ ಹೊರತಂದ. ಆ ದಿನಗಳಲ್ಲಿ ಅವನು ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಸಣ್ಣ ಕೆಲಸವನ್ನೂ ಮಾಡುತ್ತಿದ್ದ. ಮುಂದೆ ಆಟ ಕೋಟಿಗಟ್ಟಲೆ ಮಾರಾಟವಾದರೂ, ಬಳಿಕ ಸೇರಿಸಿದ ಹೊಸ ಭಾಗಗಳನ್ನು ಹಳೆಯ ಗ್ರಾಹಕರಿಗೆ ಪುಕ್ಕಟೆಯಾಗಿಯೇ ಕೊಟ್ಟ. ಇದೂ ಒಂದು ಕಾಯಕವೇ ಸರಿ. ಕಳ್ಳ ಪ್ರತಿಗಳ ಸಿ.ಡಿ.ಗಳು ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಕಾಲವೊಂದಿತ್ತು. ಇಂದಿನ ಹುಡುಗರು ರಿಯಾಯಿತಿಗೆ ಕಾದು, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವುದು ಅದಕ್ಕಿಂತ ಮೇಲು. ಅಂಗಡಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತನ್ನು ತಾನಿಟ್ಟುಕೊಳ್ಳುತ್ತದೆ. ಉಳಿದುದರಲ್ಲಿ ದುಡಿದವನ ಪಾಲಿದೆ.

ಹೀಗೆ ಲೆಕ್ಕವಾದ ಮೇಲೆ ಕಂಪ್ಯೂಟರನ್ನು ಮಾರುವ ಮಾತು ಮಗನ ಬಾಯಲ್ಲಿ ಮತ್ತೆ ಬರಲಿಲ್ಲ. ನಿಯಮಗಳನ್ನು ಮೊಮ್ಮಗನೇ ಬರೆದ. ಆಡುತ್ತಿರುವ ಆಟ ಮುಗಿಯದೆ, ಇಲ್ಲವೆ ಬೇಡವೆಂದು ತೀರ್ಮಾನವಾಗದೆ, ಇನ್ನೊಂದನ್ನು ಕೊಳ್ಳುವುದಿಲ್ಲ. ಇಷ್ಟವಾದುದನ್ನು ಬಯಕೆಯ ಪಟ್ಟಿಯಲ್ಲಿ ಬರೆದಿಟ್ಟು ಮುಂದಿನ ಮಾರಾಟದವರೆಗೆ ಕಾಯುವುದು. ಅಷ್ಟು ಕಾಲ ಕಳೆದರೂ ಬೇಕೆನಿಸಿದರೆ ಮಾತ್ರ ಕೊಳ್ಳುವುದು. ಕೊಂಡ ದಿನವೇ ತೆರೆದು ನೋಡುವುದು, ಹಿಡಿಸದಿದ್ದರೆ ಎರಡು ತಾಸಿನೊಳಗೆ ಮರಳಿಸುವುದು. ಪುಕ್ಕಟೆ ಸಿಕ್ಕಿತೆಂದು ಆಟದೊಳಗಿನ ಉಡುಗೆ ತೊಡುಗೆ, ಬಣ್ಣದ ಪೆಟ್ಟಿಗೆಗಳಿಗೆ ಹಣ ಸುರಿಯದಿರುವುದು. ತಿಂಗಳ ಖರ್ಚನ್ನು ತಾಯಿಗೆ ತಾನೇ ತೋರಿಸುವುದು.

ಆರು ತಿಂಗಳಾದವು. ಈ ಅವಧಿಯಲ್ಲಿ ಅವನು ಕೊಂಡದ್ದು ನಾಲ್ಕು ಆಟಗಳು. ಅದರಲ್ಲಿ ಒಂದನ್ನು ಮರಳಿಸಿದ. ತೆರೆಯದೆ ಉಳಿದಿದ್ದ 38ರಲ್ಲಿ ಆರನ್ನು ತೆರೆದಿದ್ದಾನೆ, ಎರಡು ಚೆನ್ನಾಗಿವೆಯಂತೆ.

ಅಗ್ಗದ ಆಟ ಬೆಲೆಬಾಳುವುದೇ ಎಂದು ಕೇಳುವ ಬಂಧುಗಳಿಗೆ ನಮ್ಮ ಉತ್ತರ ಇಷ್ಟೆ: ಇಂದು ಸಂಜೆ ಆಡುವಿರಾದರೆ ಬೆಲೆಬಾಳುತ್ತದೆ, ಎಂದಾದರೂ ಆಡೋಣವೆಂದು ಕೊಂಡರೆ 49 ರೂಪಾಯಿಯೂ ದುಬಾರಿ. ಮಕ್ಕಳ ಖಾತೆಯಲ್ಲಿ ಇಂಥ ಸಾಲುಗಳನ್ನು ಕಂಡ ತಾಯಂದಿರು ಎರಡು ದಿನ ಒಬ್ಬರೇ ಬೇಯುವ ಬದಲು ಕಾಗದ ಪೆನ್ನು ಹಿಡಿದು ಮಕ್ಕಳ ಪಕ್ಕದಲ್ಲಿ ಕೂರಲಿ. ಎಷ್ಟಕ್ಕೆ ಕೊಂಡೆ ಎಂಬುದಕ್ಕಿಂತ ಮೊದಲು, ಯಾವುದು ಚೆನ್ನಾಗಿತ್ತು ಎಂದು ಕೇಳಲಿ. ಉಳಿದ ಲೆಕ್ಕವನ್ನು ಮಕ್ಕಳೇ ಹೇಳುತ್ತಾರೆ.